ಸಾಲ್ಮಿ ರಸ್ತೆಯಲ್ಲಿ ಅತ್ತೆಯ ನಿದ್ದೆ

ನನ್ನ ಅತ್ತೆ ನಿದ್ದೆ ಮಾಡುತ್ತಿದ್ದಾರೋ ಇಲ್ಲವೋ ಎಂದು ತಿಳಿಯಬೇಕಾದರೆ ಅವರ ಮುಖ ನೋಡಿ ಪ್ರಯೋಜನವಿರಲಿಲ್ಲ, ಬಲಗಾಲಿನ ಹೆಬ್ಬೆರಳು ನೋಡಬೇಕಿತ್ತು. ಅಗಲವಾದ, ಉಗುರಿನ ತುದಿ ಒಂದಿಷ್ಟು ಮೇಲಕ್ಕೆದ್ದ, ಯಾವ ಚಪ್ಪಲಿಗೂ ಬಗ್ಗದ ಬೆರಳು ಅದು. ಅದರ ಪಕ್ಕದ ಬೆರಳಿನಲ್ಲಿ ಕಾಲುಂಗುರ ಇದ್ದ ಜಾಗದ ಬಿಳಿ ಗುರುತು ಇನ್ನೂ ಉಳಿದಿತ್ತು. ಅತ್ತೆ ಎಚ್ಚರವಿರುವಷ್ಟು ಹೊತ್ತೂ ಆ ಹೆಬ್ಬೆರಳು ಹೊದಿಕೆಯ ಹೊರಗೆ ಬಂದು ಅತ್ತಿತ್ತ ಆಡುತ್ತಲೇ ಇರುತ್ತಿತ್ತು. ಕಣ್ಣು ಮುಚ್ಚಿರಲಿ, ಬಾಯಿ ಅರ್ಧ ತೆರೆದಿರಲಿ, ಬೆರಳು ಆಡುತ್ತಿದೆ ಎಂದರೆ ಅತ್ತೆ ಎಚ್ಚರವಾಗಿದ್ದಾರೆ, ನಾವು ಮಾತಾಡುವುದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಾರೆ ಎಂದೇ ಅರ್ಥ. ಇದನ್ನು ಕಂಡುಹಿಡಿದದ್ದು ನನ್ನ ಮಗಳು. ಅಷ್ಟರೊಳಗೆ ನಾನು, ಅತ್ತೆ ಮಲಗಿದ್ದಾರೆಂದು ನಂಬಿ, ಅವರ ಬಗ್ಗೆಯೇ ಗಂಡನ ಹತ್ತಿರ ಬೇಕಾದಷ್ಟು ಮಾತಾಡಿಯಾಗಿತ್ತು.

ಅವರು ಕುವೈತಿಗೆ ವಿಸಿಟ್ ವೀಸಾದಲ್ಲಿ ಬಂದದ್ದು ಒಂದು ಚಳಿಗಾಲದ ಆರಂಭದಲ್ಲಿ. ಕರೆಸಿಕೊಂಡದ್ದಕ್ಕೆ ಮೊಮ್ಮಗಳನ್ನು ನೋಡಬೇಕು ಎಂಬ ಕಾರಣ ಹೇಳಿದ್ದೆವಾದರೂ ನಿಜವಾದ ಕಾರಣ ಬೇರೆ. ಊರಿನಲ್ಲಿ ಅವರಿಗೆ ನಿದ್ದೆ ಬರುತ್ತಿರಲಿಲ್ಲ. ಕುಂದಾಪುರದ ಹತ್ತಿರದ ಆ ಹೊಸ ಮನೆಯಲ್ಲಿ ಅವರ ಜತೆಗಿದ್ದ ನನ್ನ ನಾದಿನಿ ಫೋನು ಮಾಡಿದಾಗಲೆಲ್ಲ ಅದೇ ರಾಗ ಎಳೆಯುತ್ತಿದ್ದಳು. ಡಾಕ್ಟರು ಕೊಟ್ಟ ಮಾತ್ರೆಯಿಂದ ಹಗಲು ತೂಕಡಿಕೆ ಬಂತೇ ಹೊರತು ರಾತ್ರಿ ನಿದ್ದೆ ಬರಲಿಲ್ಲ. ತಲೆಗೆ ಎಣ್ಣೆ, ಕಾಲಿಗೆ ತುಪ್ಪ, ಹಾಲಿಗೆ ಗಸಗಸೆ ಎಲ್ಲ ಮುಗಿದಿತ್ತು. ಜಾಗ ಬದಲಾದರೆ ಸರಿಹೋಗಬಹುದು ಎಂದು ನನ್ನ ಗಂಡ ಟಿಕೆಟ್ ಕಳಿಸಿದರು. ಎಪ್ಪತ್ತು ದಾಟಿದ ಹೆಂಗಸು, ಮೈಯಲ್ಲಿ ಮಾಂಸವೇ ಇಲ್ಲ, ಕಣ್ಣಿನ ಸುತ್ತ ಕಪ್ಪು. ವಿಮಾನ ನಿಲ್ದಾಣದಲ್ಲಿ ಅವರನ್ನು ನೋಡಿ ನನಗೆ ನಿಜಕ್ಕೂ ಭಯವಾಯಿತು. ಹೀಗೇ ಮುಂದುವರಿದರೆ ಈ ಜೀವ ಬಹಳ ದಿನ ಬಾಳುವುದಿಲ್ಲ ಅನ್ನಿಸಿತು.

ಆದರೆ ಭಯಕ್ಕಿಂತ ಬೇಗ ನನಗೆ ಬಂದದ್ದು ಸಿಟ್ಟು. ನಿದ್ದೆ ಬಾರದವರು ಸುಮ್ಮನೆ ಬಿದ್ದುಕೊಂಡಿದ್ದರೆ ಯಾರಿಗೇನು ತೊಂದರೆ? ಅತ್ತೆ ಬಿದ್ದುಕೊಳ್ಳುವ ಜಾತಿಯವರಲ್ಲ. ಫಿಂಟಾಸಿನ ನಮ್ಮ ಫ್ಲಾಟು ಒಂಬತ್ತನೆಯ ಮಹಡಿಯಲ್ಲಿದೆ, ಕಿಟಕಿಗೆ ಎರಡು ಪದರದ ಗಾಜು, ಎದುರಿಗೆ ಸಮುದ್ರ. ಇಂಥ ಶಾಂತ ಮನೆ ಸಿಗುವುದು ಪುಣ್ಯ ಎಂದು ಗಿಜಿಗುಡುವ ಅಬ್ಬಾಸಿಯಾದಲ್ಲಿರುವ ನಮ್ಮ ಸ್ನೇಹಿತರೆಲ್ಲ ಹೊಟ್ಟೆ ಉರಿದುಕೊಳ್ಳುತ್ತಾರೆ. ಆ ಶಾಂತಿಯಲ್ಲಿ ಅತ್ತೆ ಎದ್ದು ಓಡಾಡುತ್ತಿದ್ದರು. ಬೆಳಿಗ್ಗೆ ನಾನು ಅಡುಗೆಮನೆಗೆ ಹೋದರೆ ಸಾಸಿವೆ ಡಬ್ಬದಲ್ಲಿ ಮೆಂತೆ, ಮೆಂತೆ ಡಬ್ಬದಲ್ಲಿ ಜೀರಿಗೆ. ಬಾಗಿಲ ಹತ್ತಿರದ ಚಪ್ಪಲಿಗಳು ಗಾತ್ರದ ಪ್ರಕಾರ ಸಾಲಾಗಿ ನಿಂತಿರುತ್ತಿದ್ದವು. ಒಮ್ಮೆಯಂತೂ ನಮ್ಮ ಕೋಣೆಗೆ ಬಂದು, ಗಾಢ ನಿದ್ದೆಯಲ್ಲಿದ್ದ ಮಗನನ್ನು ಅಲುಗಾಡಿಸಿ ಎಬ್ಬಿಸಿ, "ನಿಂಗಾರೂ ನಿದ್ರಿ ಬಂತಾ ಮಗಾ?" ಎಂದು ಕೇಳಿದರು.

"ಈಗ ಹೋಯಿತು ಅಮ್ಮ" ಎಂದರು ನನ್ನ ಗಂಡ.

ಅತ್ತೆಯ ಇನ್ನೊಂದು ವಿಶೇಷವನ್ನು ಇಲ್ಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅವರು ಯಾರು ಏನೇ ಹೇಳಿದರೂ "ಅಕ್ಕ್" ಎನ್ನುತ್ತಿದ್ದರು. ಕುಂದಾಪುರದ ಕಡೆ ಅಕ್ಕ್ ಎಂದರೆ ಆಗಬಹುದು, ಅಡ್ಡಿಯಿಲ್ಲ, ಸರಿ ಎಂದು ಅರ್ಥ. ನಾನು ಮಂಗಳೂರಿನವಳು, ನಮ್ಮ ತುಳುವಿನಲ್ಲಿ ಇದಕ್ಕೆ ಆವು ಎನ್ನುತ್ತೇವೆ, ಆದರೆ ಅತ್ತೆಯಷ್ಟು ಧಾರಾಳವಾಗಿ ಎನ್ನುವುದಿಲ್ಲ. ಅರ್ಥವಾದರೂ ಅಕ್ಕ್, ಅರ್ಥವಾಗದಿದ್ದರೂ ಅಕ್ಕ್. ಕಟ್ಟಡದ ಕಾವಲುಗಾರ ಬಂಗಾಳಿಯಲ್ಲಿ ಏನೋ ಹೇಳಿದರೂ ಅಕ್ಕ್, ತಪ್ಪು ನಂಬರಿನವನು ಫೋನಿನಲ್ಲಿ ಬೈದರೂ ಅಕ್ಕ್. ಮನಸ್ಸು ನೋಯಿಸಬಾರದು ಎಂಬುದು ಅವರ ಸಿದ್ಧಾಂತ. ಕುವೈತಿನ ಜನ ಆಡುವ ಅರಬ್ಬಿಯಲ್ಲಿ ಅಕು ಎಂದರೆ ಇದೆ, ಮಾಕು ಎಂದರೆ ಇಲ್ಲ. ನಾನು ಹಲ್ಲಿನ ಆಸ್ಪತ್ರೆಯೊಂದರ ಸ್ವಾಗತದ ಮೇಜಿನಲ್ಲಿ ಕೂರುವವಳು, ದಿನವಿಡೀ ಅಕು ಮಾಕು ಅಕು ಮಾಕು ಎನ್ನುವುದೇ ನನ್ನ ಕೆಲಸ. ಹಾಗಿದ್ದೂ ಮನೆಯೊಳಗಿನ ಅಕ್ಕ್ ಹೊರಗೆ ಹೋದರೆ ಏನಾಗಬಹುದೆಂದು ನನಗೆ ಹೊಳೆದಿರಲಿಲ್ಲ.

ಆ ಹೊತ್ತಿಗೆ ನಮ್ಮ ಮನೆಗೆ ಇನ್ನೊಂದು ಭಾರ ಬಂತು. ನನ್ನ ಗಂಡ ಏಸಿ ರಿಪೇರಿಯ ಕಂಪನಿಯೊಂದರಲ್ಲಿ ಮೇಲ್ವಿಚಾರಕರು. ಅವರ ಕಫೀಲ್, ಅಂದರೆ ಕಂಪನಿಯ ಕುವೈತಿ ಮಾಲೀಕರು, ಚಳಿಗಾಲದಲ್ಲಿ ಮರುಭೂಮಿಗೆ ಬಿಡಾರ ಹೂಡಲು ಹೋಗುವಾಗ ಒಯ್ಯುತ್ತಿದ್ದ ಹಳೆಯ ಕ್ಯಾಂಪರ್ ವ್ಯಾನನ್ನು ಇವರಿಗೆ ಅಗ್ಗಕ್ಕೆ ದಾಟಿಸಿಬಿಟ್ಟರು. ಒಳಗೆ ಎರಡು ಮಂಚ, ಮಡಚುವ ಮೇಜು, ಒಂದು ಒಲೆ, ನೀರಿನ ಟ್ಯಾಂಕಿ. ನನ್ನ ಗಂಡನಿಗೆ ಹುಚ್ಚು ಹಿಡಿಯಿತು. ಸೌದಿ ದಾಟಿ, ದುಬೈ ದಾಟಿ, ಒಮಾನಿನ ತನಕ ಹೋಗುವುದು, ದಾರಿಯಲ್ಲಿ ಸಿಕ್ಕಲ್ಲಿ ಮಲಗುವುದು ಎಂದು ಗೋಡೆಗೆ ಭೂಪಟ ಅಂಟಿಸಿದರು. ಅಮ್ಮನ ವೀಸಾದಲ್ಲಿ ಗಡಿ ದಾಟಿದರೆ ವಾಪಸು ಬರಲಾಗದು ಎಂದು ತಿಳಿದ ಮೇಲೆ ಭೂಪಟ ಇಳಿಯಿತು. ಉಳಿದದ್ದು ಕುವೈತ್ ಒಂದೇ. ಇಲ್ಲಿ ನಾಲ್ಕನೇ ಗೇರಿಗೆ ಹಾಕಿ ಒಂದು ಹಾಡು ಕೇಳಿ ಮುಗಿಸುವಷ್ಟರಲ್ಲಿ ಗಡಿಯ ಫಲಕ ಕಾಣುತ್ತದೆ. ಆದರೂ ತಂದದ್ದನ್ನು ಓಡಿಸಲೇಬೇಕಲ್ಲ. ಒಂದು ಗುರುವಾರ ಸಂಜೆ, ವಾರದ ರಜೆ ಶುರುವಾಗುವ ಹೊತ್ತಿಗೆ, ನಾಲ್ವರೂ ಹೊರಟೆವು.

ಸೌದಿ ಗಡಿಗೆ ಹೋಗುವ ಸಾಲ್ಮಿ ರಸ್ತೆಯಲ್ಲಿ ಒಂದು ಪೆಟ್ರೋಲ್ ಬಂಕು, ಪಕ್ಕದಲ್ಲಿ ಬಕಾಲಾ ಎನ್ನುವ ದಿನಸಿ ಅಂಗಡಿ, ಪುಟ್ಟ ಮಸೀದಿ, ಶೌಚಾಲಯ, ಹಿಂದೆ ಟ್ರೇಲರುಗಳು ನಿಂತು ದಣಿವಾರಿಸಿಕೊಳ್ಳುವ ಬಯಲು. ಊಟಕ್ಕೆಂದು ಅಲ್ಲಿ ನಿಲ್ಲಿಸಿದೆವು. ಅನ್ನ, ಬಂಗುಡೆ ಸಾರು ಕಟ್ಟಿಕೊಂಡು ಬಂದಿದ್ದೆ. ಉಂಡು, ಅತ್ತೆಯನ್ನು ಸ್ವಲ್ಪ ಕಾಲು ಚಾಚಿಕೊಳ್ಳಿ ಎಂದು ಒಳಗೆ ಮಲಗಿಸಿ, ನಾನು ಪಾತ್ರೆ ತೊಳೆಯುತ್ತಿದ್ದೆ. ಹೆದ್ದಾರಿಯಲ್ಲಿ ಒಂದರ ಹಿಂದೊಂದು ಟ್ರೇಲರುಗಳು ಗುಡುಗಿಕೊಂಡು ಹೋಗುತ್ತಿದ್ದವು. ವ್ಯಾನಿನ ಕಿಟಕಿ ಗಡಗಡ ನಡುಗುತ್ತಿತ್ತು. ಇಲ್ಲಿ ನಿಲ್ಲಿಸಿದ್ದೇ ತಪ್ಪು, ಮುದುಕಿಯ ಗತಿಯೇನು ಎಂದು ನಾನು ಗಂಡನನ್ನು ಗದರುವಷ್ಟರಲ್ಲಿ ಮಗಳು ಬಾಗಿಲಿನಿಂದ ತಲೆ ಹೊರಹಾಕಿದಳು.

"ಅಮ್ಮಾ, ಅಜ್ಜೀಸ್ ಟೋ ಸ್ಟಾಪ್ಡ್."

ನಾವಿಬ್ಬರೂ ಓಡಿದೆವು. ಹೆಬ್ಬೆರಳು ನೆಟ್ಟಗೆ ನಿಂತಿತ್ತು. ನಾನು ಅವರ ಮೂಗಿನ ಬಳಿ ಕೈ ಹಿಡಿದೆ. ಅಷ್ಟರಲ್ಲಿ ಅತ್ತೆ ಗೊರಕೆ ಹೊಡೆದರು. ಮೊದಲು ಸಣ್ಣದಾಗಿ, ಆಮೇಲೆ ಹೊರಗಿನ ಟ್ರೇಲರಿಗೆ ಸರಿಸಮವಾಗಿ. ನನ್ನ ಗಂಡ ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟರು. ಅಮ್ಮ ಮಲಗಿದ್ದನ್ನು ನೋಡಿ ವರ್ಷಗಳಾಗಿದ್ದವು ಅವರಿಗೆ. ಅಂದು ಒಮಾನಿಗೆ ಹೊರಟವರಂತೆ ಹೊರಟ ನಾವು ಮನೆಯಿಂದ ಒಂದು ಗಂಟೆಯ ದೂರದಲ್ಲಿ ಆ ಬಂಕಿನ ಬಳಿಯೇ ಬೆಳಗು ಮಾಡಿದೆವು. ಬಿಸಿಲು ಮುಖಕ್ಕೆ ಬಿದ್ದ ಮೇಲೆ ಎದ್ದ ಅತ್ತೆ ಸೆರಗು ಸರಿಮಾಡಿಕೊಳ್ಳುತ್ತಾ, "ಅಯ್ಯಬ್ಬ, ಇಷ್ಟೊತ್ತ್ ಮನಿಕಂಡ್ನಾ? ನಾಚ್ಕಿ ಕೆಟ್ಟದ್ದ್" ಎಂದರು. ನಮಗೆ ಮೂವರಿಗೂ ಕಣ್ಣೆವೆ ಅಂಟಿರಲಿಲ್ಲ, ಮೈಕೈ ನೋವು. ಆದರೂ ಇಂಥ ಬೆಳಗು ನಮ್ಮ ಮನೆಯಲ್ಲಿ ಬಂದೇ ಇರಲಿಲ್ಲ.

ಕಾರಣವೇನೆಂದು ಗೊತ್ತಾಗಬೇಕಲ್ಲ. ಹಾಸಿಗೆ ಚೆನ್ನಾಗಿದೆ ಎಂದು ನನ್ನ ಗಂಡ ವ್ಯಾನಿನ ಹಾಸಿಗೆಯನ್ನು ಕಿತ್ತು ಒಂಬತ್ತನೆಯ ಮಹಡಿಗೆ ಹೊತ್ತರು. ಬೆರಳು ಆಡಿತು. ವ್ಯಾನಿನ ಇಕ್ಕಟ್ಟು ಒಗ್ಗಿರಬೇಕು ಎಂದು ವ್ಯಾನನ್ನೇ ನಮ್ಮ ಕಟ್ಟಡದ ಹಿಂದಿನ ಓಣಿಯಲ್ಲಿ ನಿಲ್ಲಿಸಿ ಮಲಗಿಸಿದರು. ಬೆರಳು ಆಡಿತು. ಸ್ನೇಹಿತರೊಬ್ಬರು, ಶುದ್ಧ ಗಾಳಿಯ ಮಹಿಮೆ ಅದು, ಮರುಭೂಮಿಯ ಮೌನದಲ್ಲಿ ಮಲಗಿಸಿ ನೋಡಿ ಎಂದರು. ಡೇರೆ ಕಟ್ಟಿ, ಕಾರ್ಪೆಟ್ ಹಾಸಿ, ನಕ್ಷತ್ರ ತೋರಿಸಿ ಮಲಗಿಸಿದ್ದಾಯಿತು. ಅತ್ತೆ ಬೆಳಗಿನವರೆಗೂ ಕಣ್ಣು ಪಿಳಿಪಿಳಿ ಬಿಡುತ್ತಾ ಕೂತಿದ್ದರು. "ಎಂತ ಸದ್ದೇ ಇಲ್ಲೆ ಮಾರಾಯ್ತಿ. ಸತ್ತವ್ರ್ ಮನಿ ಹಂಗಿತ್ತ್" ಎಂದು ನನಗೆ ದೂರಿದರು. ಮೌನವನ್ನು ಹೊಗಳಿದ ಸ್ನೇಹಿತರು ಪಕ್ಕದ ಡೇರೆಯಲ್ಲಿ ಚೆನ್ನಾಗಿ ಮಲಗಿದ್ದರು.

ಮರುವಾರ ಮತ್ತೆ ಸಾಲ್ಮಿ ರಸ್ತೆ. ಅತ್ತೆ ಮಂಚದ ಮೇಲೆ ಒರಗಿ ಕಣ್ಣು ಮುಚ್ಚಿದ್ದರು, ಬೆರಳು ಇನ್ನೂ ನಿಧಾನಕ್ಕೆ ಆಡುತ್ತಿತ್ತು. ಹೊರಗೊಂದು ಭಾರೀ ಗಾಡಿ ಹೋಯಿತು. "ಹೆಂಚಿನ ಲಾರಿ" ಎಂದರು ಅತ್ತೆ, ತಮ್ಮಷ್ಟಕ್ಕೆ. ಇನ್ನೊಂದು ಹೋಯಿತು. "ಇದ್ ಮೀನಿಂದ್. ಐಸ್ ಹಾಕ್ಕಂಡ್ ಹೋತ್ತ್." ಬ್ರೇಕಿನ ಗಾಳಿ ಬುಸ್ಸೆಂದಿತು. "ಬಾಂಬಿ ಬಸ್ ಬಂತ್" ಎಂದವರೇ, ಮುಂಬಯಿಯ ಬಸ್ಸು ಬಂದ ಸಮಾಧಾನದಲ್ಲಿ, ನಿದ್ದೆ ಹೋದರು.

ನನಗೆ ಆಗ ತಲೆಗೆ ಹೊಡೆದ ಹಾಗೆ ಗೊತ್ತಾಯಿತು. ಅತ್ತೆ ಮದುವೆಯಾಗಿ ಬಂದ ಮನೆ ಹೆದ್ದಾರಿಗೆ ತಾಗಿಕೊಂಡಿತ್ತು. ಜಗಲಿಯಲ್ಲಿ ಕೂತು ಕೈಚಾಚಿದರೆ ಲಾರಿಯ ಧೂಳು ಸಿಗುತ್ತಿತ್ತು. ಮದುವೆಯ ಹೊಸದರಲ್ಲಿ ನಾನಂತೂ ಅಲ್ಲಿ ಹತ್ತಿ ಕಿವಿಗಿಟ್ಟುಕೊಂಡು ಮಲಗುತ್ತಿದ್ದೆ. ರಸ್ತೆ ಅಗಲವಾದಾಗ ಆ ಮನೆ ಹೋಯಿತು. ಪರಿಹಾರ ಬಂತು, ಒಳಗಡೆ ಒಳ್ಳೆಯ ಜಾಗ ಸಿಕ್ಕಿತು, ನಾಯಿ ಬೊಗಳುವುದೂ ಕೇಳದಂಥ ಹೊಸ ಮನೆ ಕಟ್ಟಿದೆವು. ವಯಸ್ಸಾದವರಿಗೆ ಇನ್ನಾದರೂ ನೆಮ್ಮದಿ ಎಂದು ಎಲ್ಲರೂ ಹೇಳಿದರು. ಆ ನೆಮ್ಮದಿಯಲ್ಲಿ ಅತ್ತೆ ಕಣ್ಣು ಮುಚ್ಚಿರಲಿಲ್ಲ. ಮಾವ ತೀರಿಕೊಂಡ ದುಃಖ ಇರಬೇಕು ಎಂದು ನಾನೇ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ. ಬೆಳಿಗ್ಗೆ ಚಹಾ ಕೊಡುತ್ತಾ ಮೆಲ್ಲನೆ ಆ ಮಾತೆತ್ತಿದೆ. ಅತ್ತೆಗೆ ಸಂಕೋಚವೇನೂ ಇರಲಿಲ್ಲ.

"ಅವ್ರ್ ಹೋದ್ ದಿನ್ವೂ ನಂಗೆ ನಿದ್ರಿ ಬಂದಿತ್ತ್ ಹೆಣೆ" ಎಂದರು. "ಮನಿ ಹೋದ್ ಮ್ಯಾಲೆ ಇಲ್ಲೆ."

ಪಾಪ ಮಾವ ಊರಿನ ಮನೆಯ ಗೋಡೆಯ ಮೇಲಿನ ಫೋಟೋದಲ್ಲಿದ್ದುದರಿಂದ ಇದನ್ನು ಕೇಳಿಸಿಕೊಳ್ಳಲಿಲ್ಲ ಎಂಬುದೇ ಸಮಾಧಾನ. ಅತ್ತೆ ಗ್ಲಾಸು ಕೆಳಗಿಟ್ಟು ವ್ಯಾನಿನ ತಗಡನ್ನು ತಟ್ಟಿದರು. ಅವರು ಅದನ್ನು ಚಕ್ರದ್ ಮನಿ ಎಂದೇ ಕರೆಯುತ್ತಿದ್ದರು. "ಇದನ್ನಾರೂ ರೋಡಿನವ್ರ್ ತೆಕಂಬುಕೆ ಆತ್ತಿಲ್ಲೆ. ಇದ್ ರೋಡಂಗೇ ಇತ್ತಲೆ" ಎಂದು ನಕ್ಕರು. ಈಗಾಗಲೇ ರಸ್ತೆಯಲ್ಲೇ ಇರುವ ಮನೆಯನ್ನು ರಸ್ತೆಯವರು ಹೇಗೆ ಕಿತ್ತುಕೊಂಡಾರು? ನಾನೂ ನಕ್ಕೆ.

ಅಲ್ಲಿಂದ ಮುಂದೆ ಪ್ರತಿ ಗುರುವಾರ ನಮ್ಮ ಸಂಸಾರ ಹೆದ್ದಾರಿ ಬದಿಗೆ ಮಲಗಲು ಹೊರಡುವುದು ಖಾಯಂ ಆಯಿತು. ಫಿಂಟಾಸಿನಲ್ಲಿ ಸಮುದ್ರಕ್ಕೆದುರಾಗಿ ಮನೆ ಇಟ್ಟುಕೊಂಡು ಪೆಟ್ರೋಲ್ ಬಂಕಿನಲ್ಲಿ ಮಲಗುವ ಜನ ಎಂದು ನಮಗೆ ಹೆಸರು ಬಂತು. ವಾರದಲ್ಲಿ ಎರಡು ರಾತ್ರಿ ಸರಿಯಾಗಿ ಮಲಗಿದ್ದೇ ಸಾಕಾಯಿತು, ಅತ್ತೆಯ ಕಣ್ಣಿನ ಕಪ್ಪು ಹೋಗತೊಡಗಿತು. ಕೆನ್ನೆ ತುಂಬಿತು. ಮಸಾಲೆ ಡಬ್ಬಗಳಿಗೂ ಸ್ವಲ್ಪ ಬಿಡುವು ಸಿಕ್ಕಿತು.

ಅಲ್ಲಿಯೇ ಅವರಿಗೊಬ್ಬ ಗೆಳತಿಯೂ ಸಿಕ್ಕಿದರು. ಅತ್ತೆಯದೇ ವಯಸ್ಸಿನ ಕುವೈತಿ ಅಜ್ಜಿ, ಮರುಭೂಮಿಯ ಬಿಡಾರಕ್ಕೆ ಹೋಗುವ ದಾರಿಯಲ್ಲಿ ಅವರ ಮಕ್ಕಳು ಗುರುವಾರ ಅಲ್ಲಿ ಪೆಟ್ರೋಲ್ ತುಂಬಿಸಿ ಸಾಮಾನು ಕೊಳ್ಳುತ್ತಿದ್ದರು. ಅಜ್ಜಿ ಕಾರಿನ ಪಕ್ಕ ಚಾಪೆ ಹಾಸಿಕೊಂಡು ಕಾಯುತ್ತಿದ್ದರು. ಮೊದಲ ದಿನ ಅವರು ಬುಟ್ಟಿ ತಡಕಾಡಿ, ಅಂಗಡಿಯ ಕಡೆಗೆ ಹೊರಟಿದ್ದ ಮಗನಿಗೆ ಕೂಗಿ ಹೇಳಿದರು, "ಚಾಯ್ ಮಾಕು! ಶಕರ್ ಮಾಕು!" ಚಹಾಪುಡಿ ಇಲ್ಲ, ಸಕ್ಕರೆ ಇಲ್ಲ, ಎರಡನ್ನೂ ತರಲು ಮರೆತಿದ್ದೀರಿ ಎಂದು ಅವರ ಗಲಾಟೆ. ನಮ್ಮ ಅತ್ತೆ ಕುರ್ಚಿಯಲ್ಲಿ ಕೂತು ಕೇಳುತ್ತಿದ್ದರು. ಅತ್ತೆಯ ಕಿವಿಗೆ ಅದು ಚಾ ಬೇಕು, ಸಕ್ರಿ ಬೇಕು ಎಂದೇ ಬಿತ್ತು. ಎದ್ದು ಒಳಗೆ ಬಂದು, ಒಲೆಯ ಮೇಲಿದ್ದ ಚಹಾ ಬಗ್ಗಿಸಿ, ಸಕ್ಕರೆ ಡಬ್ಬ ಕಂಕುಳಲ್ಲಿಟ್ಟುಕೊಂಡು ಹೊರಟರು. ನಾನು ಗುರುತು ಪರಿಚಯ ಇಲ್ಲದವರಿಗೆ ಹೀಗೆ ಕೊಡುವುದೇ ಎಂದು ತಡೆದೆ.

"ಬೇಕ್ ಅಂದ್ರ್, ಕೊಡ್ತೆ. ಅದ್ರಂಗೆ ಎಂತ ಇತ್ತ್?"

ಕುವೈತಿ ಅಜ್ಜಿ ಕಣ್ಣರಳಿಸಿ ನೋಡಿದರು. ತಾನು ಇಲ್ಲ ಎಂದ ಎರಡೂ ವಸ್ತುಗಳು ನಡೆದುಕೊಂಡು ಬಂದಿದ್ದವು. ಕುಡಿದು, ನಮ್ಮ ಒಲೆಯ ಕಡೆ ತೋರಿಸಿ, ಇನ್ನೂ ಇದೆಯೇ ಎಂದು ಕೇಳಿದರು. "ಅಕು ಬಾದ್?"

"ಅಕ್ಕ್, ಅಕ್ಕ್" ಎಂದು ಅತ್ತೆ ಮತ್ತೊಂದು ಗ್ಲಾಸು ತಂದರು.

ಹೀಗೆ ಶುರುವಾಯಿತು ಅವರ ಸ್ನೇಹ. ಒಬ್ಬರು ಇಲ್ಲ ಎಂದದ್ದು ಇನ್ನೊಬ್ಬರಿಗೆ ಬೇಕು ಎಂದು ಕೇಳುತ್ತಿತ್ತು, ಇವರು ಆಗಲಿ ಎಂದದ್ದು ಅವರಿಗೆ ಇದೆ ಎಂದು ಕೇಳುತ್ತಿತ್ತು. ಒಂದು ಸಲವೂ ವ್ಯವಹಾರ ಕೆಡಲಿಲ್ಲ. ಉಪ್ಪಿನಕಾಯಿ ಹೋಯಿತು, ಖರ್ಜೂರ ಬಂತು. ಅರಬ್ಬಿ ಕಲಿಯಲು ನಾನು ಎರಡು ವರ್ಷ ಪರದಾಡಿದ್ದೆ. ಅತ್ತೆ ಒಂದಕ್ಷರ ಕಲಿಯದೆ ಗಂಟೆಗಟ್ಟಲೆ ಹರಟೆ ಹೊಡೆಯುತ್ತಿದ್ದರು. ನಾನು ಅರ್ಥ ಬಿಡಿಸಿ ಹೇಳಲು ಹೋದರೆ ಇಬ್ಬರೂ ನನ್ನನ್ನು ಕೈಬೀಸಿ ಓಡಿಸುತ್ತಿದ್ದರು.

ಆ ಅಕ್ಕ್ ನಮ್ಮನ್ನು ಒಮ್ಮೆ ಮಾತ್ರ ಪೇಚಿಗೆ ಸಿಕ್ಕಿಸಿತು. ಒಂದು ಮುಸ್ಸಂಜೆ ನಾನು ಮಗಳ ಕೈಕಾಲು ತೊಳೆಸಲು ಹೋಗಿದ್ದೆ, ಗಂಡ ಅಂಗಡಿಯಲ್ಲಿದ್ದರು. ಅತ್ತೆ ಒಬ್ಬರೇ ಹೊರಗೆ ಕುರ್ಚಿಯಲ್ಲಿ. ಗಸ್ತಿನ ಪೊಲೀಸ್ ಹುಡುಗನೊಬ್ಬ, ಪಾಪ ಒಳ್ಳೆಯವನೇ, ಮುದುಕಿ ಒಂಟಿಯಾಗಿರುವುದನ್ನು ಕಂಡು ಹತ್ತಿರ ಬಂದ. ನಡೆದದ್ದನ್ನು ಆಮೇಲೆ ಅವನೇ ನಮಗೆ ಹೇಳಿದ. ಜತೆಗೆ ಗಂಡಸರು ಯಾರಾದರೂ ಇದ್ದಾರಾ ಎಂದು ಕೇಳಿದ್ದಕ್ಕೆ ಅತ್ತೆ ಅಕ್ಕ್ ಎಂದರು. ಅದು ನಿಜವೇ ಆಗಿತ್ತು. ಏನಾದರೂ ತೊಂದರೆ ಇದೆಯಾ ಎಂದು ಕೇಳಿದ, "ಅಕು ಮುಶ್ಕಿಲಾ?" ಅತ್ತೆ ನಗುತ್ತಾ "ಅಕ್ಕ್" ಎಂದರು. ಅವನು ಗಾಬರಿಯಾಗಿ ಏನು ತೊಂದರೆ ಎಂದು ಬಗ್ಗಿ ಕೇಳಿದ. ಇಲ್ಲಿಗೆ ಯಾಕೆ ಬಂದದ್ದು ಎಂದು ಕೇಳುತ್ತಿದ್ದಾನೆಂದು ಬಗೆದ ಅತ್ತೆ, ಮಲಗಲು ಬಂದದ್ದು ಎಂದು ತೋರಿಸುವುದಕ್ಕಾಗಿ ಕಣ್ಣು ಮುಚ್ಚಿ ತಲೆಯನ್ನು ಭುಜದ ಮೇಲೆ ಧಪ್ಪನೆ ಹಾಕಿದರು.

ನಾನು ಮಗಳ ಕೈಹಿಡಿದು ಬರುವಷ್ಟರಲ್ಲಿ ಆಂಬುಲೆನ್ಸ್ ಬಂದು ನಿಂತಿತ್ತು. ಅದರಿಂದಿಳಿದವನು ಅತ್ತೆಯ ಮಣಿಕಟ್ಟು ಹಿಡಿದು, ನೋವಿದೆಯಾ ಎಂದು ಕೇಳುತ್ತಿದ್ದ. ಮುಟ್ಟಲು ಅಪ್ಪಣೆ ಕೇಳುತ್ತಿದ್ದಾನೆ ಎಂದು ತಿಳಿದ ಅತ್ತೆ ಧಾರಾಳವಾಗಿ ಅಕ್ಕ್ ಎನ್ನುತ್ತಿದ್ದರು. ಎದೆಯಲ್ಲಿ ನೋವಿದೆಯಾ? ಅಕ್ಕ್. ಬೆನ್ನಲ್ಲಿ? ಅಕ್ಕ್. ಇಡೀ ಮೈ ನೋವಿರುವ ಹೆಂಗಸು ಹೀಗೆ ನಗುತ್ತಿರುವುದನ್ನು ಅವನು ನೋಡಿರಲಿಲ್ಲ ಅನ್ನಿಸುತ್ತದೆ. ಸ್ಟ್ರೆಚರ್ ಇಳಿಸಿದರು. ಅತ್ತೆ ಅದರ ಮೇಲೆ ಕೈಯಾಡಿಸಿ, ಹಾಸಿಗೆ ಚೆನ್ನಾಗಿದೆ ಎಂಬಂತೆ ತಲೆಯಾಡಿಸಿ, ಹತ್ತಿ ಕೂತರು. ನನಗೆ ಅಳಬೇಕೋ ನಗಬೇಕೋ ತಿಳಿಯದೆ ಮಾಕು, ಮಾಕು, ಏನೂ ಇಲ್ಲ ಎಂದು ಕೂಗುತ್ತಾ ಓಡಿದೆ. ನನ್ನ ಕೂಗು ಕೇಳಿದ ಅತ್ತೆ ಸ್ಟ್ರೆಚರ್ ಮೇಲಿಂದಲೇ, ಇವಳಿಗೂ ಏನೋ ಬೇಕಂತೆ ನೋಡಿ ಎಂದು ಅವರಿಗೆ ನನ್ನನ್ನು ತೋರಿಸಿದರು.

ಎಲ್ಲ ತಿಳಿಯಾದ ಮೇಲೆ ಪೊಲೀಸ್ ಹುಡುಗ ಕೇಳಿದ, ಫಿಂಟಾಸಿನಲ್ಲಿ ಮನೆ ಇದ್ದೂ ಇಲ್ಲಿಗೇಕೆ ಬಂದು ಮಲಗುತ್ತೀರಿ? ನನ್ನ ಗಂಡನ ಅರಬ್ಬಿ ನಾಲ್ಕೇ ಮಾತಿನದು. ಮನೆಯಲ್ಲಿ ಅಮ್ಮನಿಗೆ ನಿದ್ದೆ ಮಾಕು, ಇಲ್ಲಿ ನಿದ್ದೆ ಅಕು ಎಂದರು. ಅವನು, ಟ್ರೇಲರುಗಳ ನಡುವೆ ಇವರನ್ನು ಮಲಗಿಸುವುದೇ ಎಂದು ನಮ್ಮನ್ನು ಗದರಿ, ತಾನೇ ಮುಂದೆ ನಡೆದು, ಮಸೀದಿಯ ಹಿಂದೆ ಸೊಳ್ಳೆಯ ಸದ್ದೂ ಇಲ್ಲದ ಮೂಲೆಯಲ್ಲಿ ವ್ಯಾನು ನಿಲ್ಲಿಸಿಕೊಟ್ಟ. ಅಷ್ಟು ಪ್ರೀತಿಯಿಂದ ಮಾಡಿದ್ದಕ್ಕೆ ಬೇಡವೆನ್ನುವುದು ಹೇಗೆ? ಹೆಬ್ಬೆರಳು ಆಡುತ್ತಲೇ ಇತ್ತು. ಅವನ ಗಾಡಿ ಮರೆಯಾದದ್ದನ್ನು ನೋಡಿಕೊಂಡು ಕಳ್ಳರ ಹಾಗೆ ಮತ್ತೆ ರಸ್ತೆ ಬದಿಗೆ ಬಂದೆವು. ಆಮೇಲಿನ ವಾರಗಳಲ್ಲಿ ಅವನು ಆ ದಾರಿಯಲ್ಲಿ ಹೋಗುವಾಗಲೆಲ್ಲ ಗಾಜು ಇಳಿಸಿ, ಹಜ್ಜಿಯಾಗೆ ನಿದ್ದೆ ಅಕು? ಎಂದು ಕೇಳುತ್ತಿದ್ದ. ವಯಸ್ಸಾದ ಹೆಂಗಸರನ್ನು ಇಲ್ಲಿ ಗೌರವದಿಂದ ಹಾಗೆ ಕರೆಯುತ್ತಾರೆ.

ಚಳಿಗಾಲ ಮುಗಿಯಿತು, ವೀಸಾ ಮುಗಿಯಿತು. ಅತ್ತೆಯನ್ನು ಮತ್ತೆ ಆ ಸದ್ದಿಲ್ಲದ ಮನೆಗೆ ಕಳಿಸಬೇಕಾಯಿತು. ಇಲ್ಲಿ ಕೂಡಿಟ್ಟ ಜೀವವೆಲ್ಲ ಅಲ್ಲಿ ಸೋರಿಹೋಗುತ್ತದೆ ಎಂದು ಗೊತ್ತಿತ್ತು. ನನ್ನ ಗಂಡ ಹೆದ್ದಾರಿಯ ಸದ್ದನ್ನು ರೆಕಾರ್ಡ್ ಮಾಡಿ ಕೊಟ್ಟರು. ಎರಡು ದಿನ ಕೇಳಿ ಮೂರನೆಯ ದಿನ ಅತ್ತೆ ಫೋನು ಮಾಡಿದರು.

"ಇದ್ ನಿನ್ನೆದೇ ಲಾರಿ ಮಗಾ. ಹೋದ್ ಲಾರಿ ಮತ್ತೆ ಹೋತ್ತಾ?"

ನಿದ್ದೆಯಲ್ಲೂ ಅವರು ಲಾರಿಗಳನ್ನು ಗುರುತಿಟ್ಟುಕೊಳ್ಳುತ್ತಿದ್ದರು. ಅವರಿಗೆ ಬೇಕಾದದ್ದು ಬರೀ ಸದ್ದಲ್ಲ, ಈಗ ಹೋಗುತ್ತಿರುವ ಲಾರಿ, ಜನ ಎಚ್ಚರವಾಗಿ ಎಲ್ಲಿಗೋ ಹೊರಟಿದ್ದಾರೆ ಎಂಬ ಭರವಸೆ. ಹಾಗಾಗಿ ನಾವು ಗುರುವಾರದ ಪ್ರಯಾಣ ನಿಲ್ಲಿಸಲಿಲ್ಲ. ಇಲ್ಲಿ ನಾವು ಊಟಕ್ಕೆ ಕೂರುವ ಹೊತ್ತಿಗೆ ಊರಿನಲ್ಲಿ ಅವರು ಮಲಗುವ ಸಮಯ. ಸಾಲ್ಮಿ ರಸ್ತೆಯ ಅದೇ ಜಾಗದಲ್ಲಿ ನಿಂತು, ಅವರಿಗೆ ಫೋನು ಹಚ್ಚಿ, ವ್ಯಾನಿನ ಕಿಟಕಿಯ ಅಂಚಿನಲ್ಲಿ ರಸ್ತೆಗೆ ಮುಖ ಮಾಡಿ ಇಟ್ಟುಬಿಡುತ್ತಿದ್ದೆವು. ಬೇಸಿಗೆಯಲ್ಲಿ ಬೆಂಕಿಯಂಥ ಗಾಳಿ, ಕಿಟಕಿ ತೆರೆದರೆ ಮುಖ ಸುಡುತ್ತಿತ್ತು. ಆದರೂ ತೆರೆದಿಡುತ್ತಿದ್ದೆವು. ಸ್ವಲ್ಪ ಹೊತ್ತಿಗೆ ಆ ಕಡೆಯಿಂದ "ಮೀನಿಂದ್" ಎಂಬ ಮಾತು, ಆಮೇಲೆ ಗೊರಕೆ. ಬೆರಳು ನಿಂತಿತು ಎಂದು ನಾದಿನಿ ಮೆಸೇಜು ಹಾಕುತ್ತಿದ್ದಳು. ವಾರದ ಉಳಿದ ದಿನಗಳನ್ನು ಅತ್ತೆ ಆ ಒಂದು ರಾತ್ರಿಯ ಬಲದಲ್ಲಿ ಎಳೆಯುತ್ತಿದ್ದರು. ಬೆಳಿಗ್ಗೆ ಎದ್ದವರೇ ಫೋನಿಗೆ ಬಾಯಿ ಹಚ್ಚಿ, "ಅಕ್ಕ್, ಇನ್ ಇಡಿ" ಎನ್ನುತ್ತಿದ್ದರು. ಅದನ್ನು ಕೇಳಿದ ಮೇಲೆಯೇ ನಾವು ಇಡುತ್ತಿದ್ದುದು.

ಮತ್ತೆ ಚಳಿ ಕಾಲಿಡುತ್ತಿದ್ದ ಒಂದು ಶುಕ್ರವಾರ, ಬೆಳಕಾಗಿ ಬಹಳ ಹೊತ್ತಾದರೂ ಆ ಕಡೆಯಿಂದ ಮಾತು ಬರಲಿಲ್ಲ. ನಮಗೆ ಖುಷಿಯಾಯಿತು. ಅಮ್ಮ ಇವತ್ತು ಬಹಳ ಚೆನ್ನಾಗಿ ಮಲಗಿದ್ದಾರೆ ಎಂದು ನನ್ನ ಗಂಡ ಬಾಯಿಯ ಮೇಲೆ ಬೆರಳಿಟ್ಟು ಎಲ್ಲರಿಗೂ ಸನ್ನೆ ಮಾಡಿದರು. ನಾವು ಪಿಸುಮಾತಿನಲ್ಲಿ ಚಹಾ ಮಾಡಿದೆವು, ಚಮಚ ಗ್ಲಾಸಿಗೆ ತಾಗದ ಹಾಗೆ ಸಕ್ಕರೆ ಕಲಕಿದೆವು. ಮಗಳು ತುದಿಗಾಲಲ್ಲಿ ಓಡಾಡಿದಳು. ಸತ್ತ ಅತ್ತೆ ಎಚ್ಚರಾಗದಿರಲಿ ಎಂದು ನಾವು ಮೂವರು ಅಷ್ಟು ಹೊತ್ತು ಉಸಿರು ಬಿಗಿಹಿಡಿದು ಕೂತಿದ್ದೆವು. ಕೊನೆಗೆ ಫೋನಿನಲ್ಲಿ ನಾದಿನಿಯ ಅಳು ಕೇಳಿತು.

ಊರಿಗೆ ಹೋಗಿ ಎಲ್ಲ ಮುಗಿಸಿ ಬಂದೆವು. ವ್ಯಾನು ಮಾರಿಬಿಡೋಣ ಎಂದು ನಾನೇ ಹೇಳಿದೆ. ಆದರೆ ಗುರುವಾರ ಬಂದಾಗ ಮೂವರೂ ಅದನ್ನೇ ಹತ್ತಿ ಕೂತೆವು. ಫ್ಲಾಟಿನ ಮೌನದಲ್ಲಿ ನನಗೀಗ ನಿದ್ದೆ ಬರುವುದಿಲ್ಲ. ಇದು ಅತ್ತೆ ನನಗೆ ಬಿಟ್ಟುಹೋದ ಆಸ್ತಿ.

ಅದೇ ಬಂಕಿನ ಬಳಿ ಕುವೈತಿ ಅಜ್ಜಿ ಚಾಪೆಯ ಮೇಲೆ ಕೂತಿದ್ದರು. ಬೇಸಿಗೆ ಕಳೆದು ಅವರು ಬರುತ್ತಿದ್ದುದು ಅದೇ ಮೊದಲು, ಅವರಿಗೆ ಏನೂ ಗೊತ್ತಿರಲಿಲ್ಲ. ನಮ್ಮ ವ್ಯಾನು ಕಂಡದ್ದೇ ಮುಖವೆಲ್ಲ ನಗುವಾಗಿ, ಕುರ್ಚಿ ಇರಬೇಕಾದ ಜಾಗವನ್ನು ನೋಡುತ್ತಾ ಕೇಳಿದರು, "ಹಜ್ಜಿಯಾ ಅಕು?"

"ಮಾಕು" ಎಂದೆ.

ಅರಬ್ಬಿಯಲ್ಲಿ ಇನ್ನೂ ಏನೇನೋ ಹೇಳಬೇಕೆಂದಿದ್ದೆ. ಹೇಗೆ ಹೋದರು, ಎಷ್ಟು ಸುಖವಾಗಿ ಹೋದರು, ಎಲ್ಲವನ್ನೂ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಆದರೆ ಆ ಒಂದು ಮಾತು ನನ್ನ ಬಾಯಿಂದ ಹೊರಬಿದ್ದಾಗ ಅದು ಅತ್ತೆಯ ಕಿವಿಗೆ ಬೀಳುವ ಹಾಗೆಯೇ ನನಗೂ ಬೇಕು ಎಂದು ಕೇಳಿಸಿತು. ಜೋಡಿಸಿಕೊಂಡದ್ದನ್ನೆಲ್ಲ ಅಲ್ಲಿಗೇ ಬಿಟ್ಟು ಚಾಪೆಯ ತುದಿಯಲ್ಲಿ ಕೂತೆ. ಅಜ್ಜಿ ನನ್ನ ಮುಖ ನೋಡಿದರು. ಈ ಸಲ ಅವರು ಮರೆಯದೆ ತಂದಿದ್ದ ಫ್ಲಾಸ್ಕನ್ನು ಬುಟ್ಟಿಯಿಂದ ತೆಗೆದು, ಗ್ಲಾಸಿಗೆ ಚಹಾ ಬಗ್ಗಿಸಿ, ಸಕ್ಕರೆ ಹಾಕಿ, ನನ್ನ ಕೈಗಿಟ್ಟರು.